ಲಂಡನ್ನಿನ ಗ್ಯಾಲರಿಯಿಂದ ಕಂಡದ್ದು

(ಸುವರ್ಣ ಮಹೋತ್ಸವದ ಮೊದಲ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಮೂರು ತಿಂಗಳ ಹಿಂದೆ ಫೋನ್ ಮಾಡಿ, "ನೀವು ಲಂಡನ್ನಿನಲ್ಲಿದ್ದೀರಿ, ನಿಮ್ಮ ಸಾಧನೆಯ ಬಗ್ಗೆ ಮಕ್ಕಳಿಗೆ ಎರಡು ಮಾತು ಹೇಳಬೇಕು" ಎಂದರು. ನಾನು ತುಂಬ ಯೋಚನೆ ಮಾಡಿದೆ. ನನ್ನ ಸಾಧನೆ ಏನು? ಒಂದು ವಿಮಾ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಸಂಬಳಕ್ಕೆ ದುಡಿದಿದ್ದೇನೆ. ಮನೆಯ ಸಾಲ ಮುಕ್ಕಾಲು ಪಾಲು ತೀರಿದೆ. ಇದನ್ನು ಕೇಳಲು ನೀವು ಶಾಮಿಯಾನ ಹಾಕಬೇಕಾಗಿರಲಿಲ್ಲ. ಆದರೆ ಸಾಧನೆ ಮಾಡಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು, ಮಳೆಯಲ್ಲಿ ನೆನೆದು. ಹಾಗಾಗಿ ನೋಡಿದ್ದರ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ಸ್ವಲ್ಪ ತಡೆದು "ಆಗಲಿ ಸಾರ್" ಎಂದರು.

ಹೊರದೇಶದಲ್ಲಿ ಇರುವ ನಮ್ಮಂಥವರಿಗೆ ಆಟ ನೋಡುವುದು ಬರೀ ಆಟ ನೋಡುವುದಲ್ಲ. ಅದು ಊರಿನ ಜಾತ್ರೆ ಇದ್ದ ಹಾಗೆ. ವರ್ಷದಲ್ಲಿ ಒಂದು ದಿನ ನಮ್ಮವರು ಎಂಬ ಜನ ಒಂದು ಕಡೆ ಸೇರುತ್ತಾರೆ, ಕೂಗುತ್ತಾರೆ, ಡೋಲು ಬಡಿಯುತ್ತಾರೆ, ಡಬ್ಬಿ ಬಿಚ್ಚಿ ಚಪಾತಿ ಪಲ್ಯ ಹಂಚಿಕೊಳ್ಳುತ್ತಾರೆ. 2011ರ ಆಗಸ್ಟ್ ತಿಂಗಳಲ್ಲಿ ನಾನು ಲಂಡನ್ನಿನ ಓವಲ್ ಮೈದಾನದಲ್ಲಿದ್ದೆ. ಆ ಸರಣಿಯಲ್ಲಿ ನಮ್ಮ ತಂಡ 4-0 ಸೋತಿತು, ಅದು ನಿಮಗೆ ನೆನಪಿರಬಹುದು. ಆದರೆ ಆವತ್ತು ರಾಹುಲ್ ದ್ರಾವಿಡ್ ಮೊದಲಿಗರಾಗಿ ಬಂದು 146 ರನ್ ಹೊಡೆದು ಔಟಾಗದೆ ಉಳಿದರು, ಉಳಿದ ಹತ್ತೂ ಜನ ಹೋದರು, ತಂಡ 300ಕ್ಕೆ ಮುಗಿಯಿತು. ಫಾಲೋಆನ್. ಅಷ್ಟು ಹೊತ್ತು ಆಡಿದ ಮನುಷ್ಯ ಹತ್ತು ನಿಮಿಷ ಒಳಗೆ ಹೋಗಿ ಬಂದು ಮತ್ತೆ ಮೊದಲಿಗರಾಗಿಯೇ ಬ್ಯಾಟ್ ಹಿಡಿದು ಇಳಿದರು. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಇಂಗ್ಲಿಷ್ ದಂಪತಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅವರಿಗೆ "ಅವರು ನಮ್ಮ ರಾಜ್ಯದವರು" ಎಂದೆ. ಅದನ್ನು ಹೇಳುವ ಅಗತ್ಯ ಏನಿತ್ತೋ! ನಾನೇ 146 ಹೊಡೆದ ಹಾಗೆ ಹೇಳಿದೆ.

ಅಲ್ಲಿ ಹಿಂದೆ ನಾರ್ಮನ್ ಟೆಬಿಟ್ ಎಂಬ ರಾಜಕಾರಣಿ 1990ರಲ್ಲಿ ಒಂದು ಮಾತು ಎತ್ತಿದ್ದರು. ಬೇರೆ ದೇಶದಿಂದ ಬಂದು ಇಲ್ಲಿ ನೆಲೆಸಿದವರು ಕ್ರಿಕೆಟ್‌ನಲ್ಲಿ ಯಾವ ತಂಡದ ಪರ ಕೂಗುತ್ತಾರೆ ನೋಡಿ, ಅವರ ನಿಷ್ಠೆ ತಿಳಿಯುತ್ತದೆ ಎಂಬ ಅರ್ಥದ ಮಾತು. ಅದಕ್ಕೆ ದೊಡ್ಡ ಗಲಾಟೆಯೇ ಆಯಿತು. ಆ ಪರೀಕ್ಷೆಯಲ್ಲಿ ನಾನು ಪ್ರತಿ ಸಲವೂ ಫೇಲು. ನನ್ನ ಮಕ್ಕಳಿಬ್ಬರೂ ಪಾಸು. ಒಂದೇ ಮನೆಯಲ್ಲಿ, ಒಂದೇ ಸೋಫಾದ ಮೇಲೆ.

2012ರಲ್ಲಿ ಒಲಿಂಪಿಕ್ಸ್ ನಮ್ಮ ಊರಿಗೇ ಬಂತು, ಅಂದರೆ ಲಂಡನ್ನಿಗೆ. ಟಿಕೆಟ್‌ಗೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು, ಆಮೇಲೆ ಲಾಟರಿ. ಅದರಲ್ಲಿ ಒಂದು ವಿಚಿತ್ರ ಇತ್ತು. ಯಾವ ಆಟಕ್ಕೆ ಟಿಕೆಟ್ ಸಿಕ್ಕಿದೆ ಎಂದು ತಿಳಿಸುವ ಮೊದಲೇ ಕಾರ್ಡಿನಿಂದ ದುಡ್ಡು ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಇಡೀ ದೇಶ ಕೆಲವು ವಾರ ದಿನಾ ಬ್ಯಾಂಕ್ ಖಾತೆ ತೆರೆದು ನೋಡುತ್ತಿತ್ತು. ನನ್ನ ಖಾತೆಯಿಂದ ಒಂದು ಪೆನ್ನಿಯೂ ಹೋಗಲಿಲ್ಲ. ದುಡ್ಡು ಹೋಗಲಿಲ್ಲವಲ್ಲ ಎಂದು ನಾನು ಬೇಸರ ಮಾಡಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಕೊನೆಗೆ ಯಾರೋ ವಾಪಸ್ ಮಾಡಿದ ಟಿಕೆಟ್‌ನಲ್ಲಿ ಹಾಕಿ ನೋಡಲು ಹೋದೆ. ಆಗಸ್ಟ್ 11, ಬೆಳಿಗ್ಗೆ. ಮೈದಾನ ನೀಲಿ ಬಣ್ಣದ್ದು, ಅಂಚು ಗುಲಾಬಿ, ಚೆಂಡು ಹಳದಿ. ನಮ್ಮ ಶಾಲೆಯ ಗೋಡೆಗೆ ಈ ಸಲ ಬಳಿದ ಬಣ್ಣ ನೋಡಿದಾಗ ನನಗೆ ಅದೇ ನೆನಪಾಯಿತು, ಸಮಿತಿಯವರು ಬೇಜಾರು ಮಾಡಿಕೊಳ್ಳಬಾರದು. ಭಾರತ ತಂಡದಲ್ಲಿ ನಮ್ಮ ಕೊಡಗಿನವರೇ ಮೂವರು, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ. ಸರ್ದಾರ್ಜಿಗಳು ಡೋಲು ತಂದಿದ್ದರು. ಇದೇ ಲಂಡನ್ನಿನಲ್ಲಿ 1948ರಲ್ಲಿ, ಸ್ವಾತಂತ್ರ್ಯ ಬಂದು ವರ್ಷ ತುಂಬುವ ಹೊತ್ತಿಗೆ, ನಮ್ಮವರು ಬ್ರಿಟನ್ನನ್ನು 4-0 ಸೋಲಿಸಿ ಚಿನ್ನ ಗೆದ್ದಿದ್ದರು. ನಾನು ನೋಡಲು ಹೋದದ್ದು ಯಾವ ಪಂದ್ಯ ಗೊತ್ತೇ? ಹನ್ನೊಂದನೇ ಸ್ಥಾನ ಯಾರಿಗೆ, ಹನ್ನೆರಡನೇ ಸ್ಥಾನ ಯಾರಿಗೆ ಎಂಬ ಪಂದ್ಯ. ಇದ್ದದ್ದೇ ಹನ್ನೆರಡು ತಂಡ. ದಕ್ಷಿಣ ಆಫ್ರಿಕದ ಎದುರು 3-2ರಲ್ಲಿ ಸೋತೆವು. ಆರಕ್ಕೆ ಆರೂ ಪಂದ್ಯ ಸೋತು ಕೊನೆಯ ಸ್ಥಾನ. ಡೋಲಿನವರು ಪಂದ್ಯ ಮುಗಿದ ಮೇಲೂ ಹತ್ತು ನಿಮಿಷ ಬಾರಿಸಿದರು. ನಿಲ್ಲಿಸಿದರೆ ಮನೆಗೆ ಹೋಗಬೇಕಲ್ಲ, ಅದಕ್ಕೆ.

ಒಲಿಂಪಿಕ್ಸ್ ಮುಗಿಯಿತು. ಹದಿನೈದು ಇಪ್ಪತ್ತು ದಿನ ಬಿಟ್ಟು, ಆಗಸ್ಟ್ 29ರಿಂದ ಅದೇ ಮೈದಾನಗಳಲ್ಲಿ ಪ್ಯಾರಾಲಿಂಪಿಕ್ಸ್ ಶುರು. ಅಂಗವೈಕಲ್ಯ ಇರುವವರ ಒಲಿಂಪಿಕ್ಸ್. ಸತ್ಯ ಹೇಳುತ್ತೇನೆ, ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಮಕ್ಕಳಿಗೆ ಆ ದೊಡ್ಡ ಕ್ರೀಡಾಂಗಣವನ್ನು ಒಳಗಿನಿಂದ ತೋರಿಸಬೇಕಿತ್ತು, ಇದಕ್ಕೆ ಟಿಕೆಟ್ ಅಗ್ಗ, ಅಷ್ಟೇ. ಆದರೆ ಅಗ್ಗದ ಟಿಕೆಟ್ ಅಂತ ಯೋಚಿಸಿದವನು ನಾನೊಬ್ಬನೇ ಅಲ್ಲ, 27 ಲಕ್ಷದಷ್ಟು ಟಿಕೆಟ್ ಮಾರಾಟವಾಯಿತು. ಹಿಂದೆ ಯಾವ ಪ್ಯಾರಾಲಿಂಪಿಕ್ಸ್‌ಗೂ ಅಷ್ಟು ಟಿಕೆಟ್ ಮಾರಾಟವಾಗಿರಲಿಲ್ಲ.

ಇದು ಹುಟ್ಟಿದ ಕಥೆಯನ್ನು ಮಕ್ಕಳಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಲಂಡನ್ನಿನಿಂದ ಅಷ್ಟೇನೂ ದೂರವಿಲ್ಲದ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಒಂದು ಆಸ್ಪತ್ರೆ. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರು ಅಲ್ಲಿದ್ದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಲುಡ್ವಿಗ್ ಗಟ್‌ಮನ್ ಎಂಬ ಯಹೂದಿ ವೈದ್ಯರು, ಹಾಸಿಗೆಯಲ್ಲಿ ಮಲಗಿಸಿಟ್ಟರೆ ಇವರು ಬದುಕುವುದಿಲ್ಲ ಎಂದು ಅವರಿಗೆ ಆಟ ಹಚ್ಚಿದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕೂತ 16 ಜನರಿಗೆ ಬಿಲ್ಲು ಬಾಣದ ಸ್ಪರ್ಧೆ ಇಟ್ಟರು. ಅಲ್ಲಿಂದ ಬೆಳೆದದ್ದು ಇದು.

ಮೊದಲ ದಿನ ನಾವು ಹೋದದ್ದು ಗೋಲ್‌ಬಾಲ್ ಎಂಬ ಆಟಕ್ಕೆ. ಕಣ್ಣು ಕಾಣದವರ ಆಟ. ಚೆಂಡಿನೊಳಗೆ ಗೆಜ್ಜೆಯಂಥದ್ದು ಇರುತ್ತದೆ, ಆ ಸದ್ದು ಕೇಳಿ ಮೈಯನ್ನೇ ಅಡ್ಡ ಹಾಕಿ ಚೆಂಡು ತಡೆಯಬೇಕು. ಸ್ವಲ್ಪ ಕಾಣುವವರು, ಏನೂ ಕಾಣದವರು ಎಂಬ ಭೇದ ಇರಬಾರದೆಂದು ಎಲ್ಲರ ಕಣ್ಣಿಗೂ ಪಟ್ಟಿ. ನೋಡುವವರು ಉಸಿರು ಬಿಗಿಹಿಡಿದು ಕೂರಬೇಕು, ಗೋಲಾದ ಮೇಲೆ ಮಾತ್ರ ಕೂಗಬಹುದು. ಸಾವಿರಾರು ಜನ ತುಂಬಿದ ಒಳಾಂಗಣದಲ್ಲಿ ಒಂದು ಚೆಂಡಿನ ಗೆಜ್ಜೆ ಸದ್ದು ಮಾತ್ರ ಕೇಳುವುದು ಹೇಗಿರುತ್ತದೆ ಎಂದು ಹೇಳಲು ನನಗೆ ಬರುವುದಿಲ್ಲ. ನಮ್ಮ ಮೇಷ್ಟ್ರು ಬೆತ್ತ ಹಿಡಿದರೂ ನಾವು ಅಷ್ಟು ಸುಮ್ಮನೆ ಕೂತದ್ದಿಲ್ಲ. ಆಟ ನೋಡುವವನಿಗೂ ಒಂದು ಕೆಲಸ ಇದೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಅಲ್ಲಿ.

ಸೆಪ್ಟೆಂಬರ್ 3, ಸೋಮವಾರ, ದೊಡ್ಡ ಕ್ರೀಡಾಂಗಣಕ್ಕೆ ಹೋದೆವು. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಸ್ಟ್ರಾಟ್‌ಫರ್ಡ್‌ಗೆ ರೈಲಿನಲ್ಲಿ ಏಳೇ ನಿಮಿಷ. ಬಾಗಿಲಲ್ಲಿ ಮಿಲಿಟರಿಯವರೇ ನಿಂತು ಚೀಲ ತಪಾಸಣೆ ಮಾಡುತ್ತಿದ್ದರು. ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ತೆರೆದು ಒಬ್ಬ ಸೈನಿಕ ಮೂಸಿ ನೋಡಿ, ತಲೆದೂಗಿ ಒಳಗೆ ಬಿಟ್ಟ. 80,000 ಜನ ಕೂರುವ ಜಾಗ ಅದು. ಇಂಥ ಕಡೆ ಅಥ್ಲೆಟಿಕ್ಸ್ ನೋಡುವುದು ಕಷ್ಟದ ಕೆಲಸ. ಒಂದೇ ಹೊತ್ತಿಗೆ ಒಂದು ಕಡೆ ಓಟ, ಇನ್ನೊಂದು ಕಡೆ ಗುಂಡು ಎಸೆತ, ಮತ್ತೊಂದು ಮೂಲೆಯಲ್ಲಿ ಜಿಗಿತ. ಎಲ್ಲರೂ ಬ್ರಿಟನ್ನಿನವರು ಓಡುವ ಕಡೆಗೆ ನೋಡುತ್ತಾರೆ, ಮೂಲೆಯಲ್ಲಿ ಏನು ನಡೆದರೂ ಗೊತ್ತಾಗುವುದಿಲ್ಲ.

ಮೊಬೈಲಿನಲ್ಲಿ ಆವತ್ತಿನ ಸ್ಪರ್ಧಿಗಳ ಪಟ್ಟಿ ನೋಡುತ್ತಿದ್ದೆ. ಗಂಡಸರ ಎತ್ತರ ಜಿಗಿತ, ಎಫ್ 42 ವರ್ಗ. ಎಫ್ ಎಂದರೆ ಮೈದಾನದ ಸ್ಪರ್ಧೆ. ಆಗ 42 ಎಂದರೆ ಒಂದು ಕಾಲು ಮಂಡಿಯಿಂದ ಮೇಲಕ್ಕೆ ಹೋದವರು, ಅಥವಾ ಅದಕ್ಕೆ ಸಮನಾದಷ್ಟು ಕಾಲಿನ ಶಕ್ತಿ ಕಳೆದುಕೊಂಡವರು. ಅದರಲ್ಲಿ ಭಾರತದ ಹೆಸರೊಂದಿತ್ತು, ಹೊಸನಗರ ನಾಗರಾಜೇಗೌಡ ಗಿರೀಶ. ನಾನು ಎದ್ದೇ ನಿಂತೆ. ಆ ಹೆಸರಿನ ಹಿಂದೆ ಯಾವ ಊರು, ಎಂಥ ಮನೆ, ಮನೆಯ ಮುಂದೆ ಏನು ಬೆಳೆ ಎಂದು ಹೇಳುವಷ್ಟು ನಮ್ಮ ಹೆಸರು! ಗಿರೀಶ್ ಅಲ್ಲ, ಗಿರೀಶ. ಹೊಸನಗರ ಎಂದದ್ದು ನೋಡಿ ಶಿವಮೊಗ್ಗದ ಕಡೆಯವರೇನೋ ಅಂದುಕೊಂಡೆ. ಆಮೇಲೆ ಓದಿದಾಗ ತಿಳಿಯಿತು, ಹಾಸನ ಜಿಲ್ಲೆಯ ಹಳ್ಳಿಯವರು, ಹುಟ್ಟಿನಿಂದ ಎಡಗಾಲಿನ ತೊಂದರೆ. ನಮ್ಮ ಪಕ್ಕದ ಜಿಲ್ಲೆ, ಸ್ವಾಮಿ. ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು.

ಭಾರತದಿಂದ ಆ ಸಲ ಬಂದಿದ್ದವರು ಹತ್ತೇ ಜನ. ಅಲ್ಲಿಯವರೆಗೆ ಒಂದು ಪದಕವೂ ಬಂದಿರಲಿಲ್ಲ. ಮೊದಲಾದರೂ ನಮ್ಮ ಕರ್ನಾಟಕದ ಮಾಲತಿ ಹೊಳ್ಳ ಅವರಂಥವರು 1988ರಲ್ಲೇ ಸೋಲ್‌ನಲ್ಲಿ ಗಾಲಿಕುರ್ಚಿಯಲ್ಲಿ ಸ್ಪರ್ಧಿಸಿ ಬಂದಿದ್ದರು, ನಮಗೆ ಯಾರಿಗೆ ಗೊತ್ತಿತ್ತು?

ಇನ್ನು ಜಿಗಿತದ ವಿಷಯ. ಟಿ.ವಿ.ಯಲ್ಲಿ ನೀವು ನೋಡುವ ಎತ್ತರ ಜಿಗಿತದಲ್ಲಿ ಬೆನ್ನು ಕೆಳಗೆ ಮಾಡಿ ದಪ್ಪ ಹಾಸಿಗೆಯ ಮೇಲೆ ಬೀಳುತ್ತಾರೆ. ನಮ್ಮ ಶಾಲೆಗಳಲ್ಲಿ ಹಾಗೆ ಬಿದ್ದರೆ ಬೆನ್ನು ಉಳಿಯುತ್ತದೆಯೇ? ನಮಗಿದ್ದದ್ದು ಮರಳಿನ ಗುಂಡಿ. ಓರೆಯಿಂದ ಓಡಿ ಬಂದು ಒಂದು ಕಾಲು ಎತ್ತಿ ಹಾಕಿ, ಇನ್ನೊಂದು ಕಾಲು ಹಿಂದಿನಿಂದ ತಂದು, ಕತ್ತರಿ ಆಡಿಸಿದ ಹಾಗೆ ದಾಟಿ, ಕಾಲಿನ ಮೇಲೇ ಇಳಿಯಬೇಕು. ಗಿರೀಶ ಜಿಗಿದದ್ದು ಆ ಕತ್ತರಿ ಜಿಗಿತ! ನಮ್ಮ ಪಿ.ಟಿ. ಮೇಷ್ಟ್ರು ಇದೇ ಬಯಲಿನಲ್ಲಿ ನಮಗೆ ಹೇಳಿಕೊಟ್ಟ ಜಿಗಿತ, ಲಂಡನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಅವರ ಜೊತೆಗೆ ಫಿಜಿ ದೇಶದ ಇಲಿಯೇಸಾ ದೆಲಾನಾ. ಆತನಿಗೆ ಒಂದೇ ಕಾಲು, ಮೂರು ವರ್ಷದ ಮಗುವಾಗಿದ್ದಾಗ ಬಸ್ಸಿನಿಂದ ಬಿದ್ದು ಕಳೆದುಕೊಂಡದ್ದು. ಕೃತಕ ಕಾಲೂ ಇಲ್ಲದೆ, ಒಂದೇ ಕಾಲಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಬಂದು ಹಾರುತ್ತಿದ್ದ. ಇನ್ನೊಬ್ಬ ಪೋಲೆಂಡಿನ ಲುಕಾಶ್ ಮಾಮ್‌ಚಾರ್ಜ್. ಮೂವರೂ 1.74 ಮೀಟರ್ ದಾಟಿದರು. ನಮ್ಮ ಲೆಕ್ಕದಲ್ಲಿ ಐದು ಅಡಿ ಎಂಟೂವರೆ ಅಂಗುಲ. ನನ್ನ ನೆತ್ತಿಯ ಮೇಲೆ ಎರಡು ಅಂಗುಲ. ಅದರ ಮೇಲಿನ ಎತ್ತರ ಯಾರಿಗೂ ಆಗಲಿಲ್ಲ. ಸಮ ಬಂದಾಗ ಆ ಎತ್ತರದಲ್ಲಿ ಯಾರು ಕಡಿಮೆ ಸಲ ಕೋಲು ಬೀಳಿಸಿದ್ದಾರೆ ಎಂದು ನೋಡುತ್ತಾರೆ. ಆ ಲೆಕ್ಕದಲ್ಲಿ ಚಿನ್ನ ಫಿಜಿಗೆ, ಬೆಳ್ಳಿ ಗಿರೀಶನಿಗೆ, ಕಂಚು ಪೋಲೆಂಡಿಗೆ. ಆ ಕ್ರೀಡಾಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಫಿಜಿಗಂತೂ ಅದು ಮೊದಲ ಪದಕ. ಆ ದೇಶ ಮುಂದಿನ ವರ್ಷ ದೆಲಾನಾನ ಚಿತ್ರ ಹಾಕಿ ಐವತ್ತು ಸೆಂಟಿನ ನಾಣ್ಯವನ್ನೇ ಹೊರಡಿಸಿತು.

ಅದೇ ದಿನ ಅದೇ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಪದಕ ಕೊಡಲು ಬಂದಾಗ ಜನ ಒಂದೇ ಸಮನೆ ಧಿಕ್ಕಾರ ಕೂಗಿದರು. ಅಂಗವಿಕಲರ ಭತ್ಯೆಗೆ ಕೈ ಹಾಕಿದ ಸರ್ಕಾರದ ಮಂತ್ರಿ ಅಂಗವಿಕಲರಿಗೆ ಪದಕ ಹಾಕಲು ಬಂದರೆ ಇನ್ನೇನಾಗುತ್ತದೆ. ವೇದಿಕೆಯ ಮೇಲೆ ಜನಪ್ರತಿನಿಧಿಗಳು ಇದ್ದಾರೆ, ಇಷ್ಟಕ್ಕೆ ಬಿಡುತ್ತೇನೆ.

ಗಿರೀಶ ತ್ರಿವರ್ಣ ಧ್ವಜ ಹೊದ್ದುಕೊಂಡಾಗ ನನ್ನ ಮಕ್ಕಳೂ ಕೂಗಿದರು. ಮಗಳು ನನ್ನ ಮುಖ ನೋಡಿ, "ಅಪ್ಪ, ಯಾಕೆ ಅಳ್ತಿದ್ದೀಯ? ಬೆಳ್ಳಿ ಬಂತಲ್ಲ" ಎಂದಳು. ದೇಶಕ್ಕೆ ಪದಕ ಬಂದ ಸಂತೋಷ ಎಂದೆ. ಸುಳ್ಳು ಹೇಳಿದೆ.

ಆ ಕಣ್ಣೀರು ಈ ಬಯಲಿಗೆ ಸೇರಿದ್ದು. ಈ ಮಾತನ್ನು ಇಲ್ಲಿ ಹೇಳಬಹುದೇ ಎಂದು ನಿನ್ನೆ ರಾತ್ರಿ ಒಬ್ಬನ ಮನೆಗೆ ಹೋಗಿ ಅಪ್ಪಣೆ ಪಡೆದು ಬಂದಿದ್ದೇನೆ. ಹೆಸರು ಹೇಳಬೇಡ, ಉಳಿದದ್ದು ಹೇಳಿಕೋ ಎಂದಿದ್ದಾನೆ. ಹಾಜರಿ ಪುಸ್ತಕದಲ್ಲಿ ಅವನದು ಮೂವತ್ತೊಂದನೇ ನಂಬರು. ನನ್ನ ತರಗತಿಯವರಿಗೆ ಇಷ್ಟು ಹೇಳಿದರೆ ಸಾಕು, ಆಗಲೇ ಹಿಂದೆ ತಿರುಗಿ ನೋಡುತ್ತಿದ್ದೀರಿ.

ಮೂವತ್ತೊಂದಕ್ಕೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗಾಲು ಸಣಕಲು. ನಾವು ಅವನನ್ನು ಕರೆಯುತ್ತಿದ್ದ ಅಡ್ಡಹೆಸರನ್ನು ಈ ಮೈಕಿನಲ್ಲಿ ಹೇಳಲಾರೆ. ಆಟದ ಪೀರಿಯಡ್ ಎಂದರೆ ಅವನಿಗೆ ಹುಣಸೆ ಮರದ ಕೆಳಗೆ ನಮ್ಮ ಚೀಲ, ಚಪ್ಪಲಿ, ಅಂಗಿ ಕಾಯುವ ಕೆಲಸ. ಯಾರೂ ಅವನಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಮಾಡಬೇಡ ಎಂದೂ ಹೇಳಿರಲಿಲ್ಲ. ನಾನು ಒಂಬತ್ತನೇ ತರಗತಿಯಲ್ಲಿ ಶಾಲಾ ಸಂಸತ್ತಿನ ಕ್ರೀಡಾಮಂತ್ರಿ. ಒಂದು ದಿನ ಶಾಲೆ ಬಿಟ್ಟ ಮೇಲೆ ಮರೆತು ಬಂದ ಪುಸ್ತಕಕ್ಕೆ ವಾಪಸ್ ಬಂದಾಗ ನೋಡುತ್ತೇನೆ, ಕಟ್ಟಡದ ಹಿಂದೆ ಅವನೊಬ್ಬನೇ. ಎರಡು ಕೋಲು ನೆಟ್ಟು, ಎಮ್ಮೆ ಕಟ್ಟುವ ಹಗ್ಗ ಅಡ್ಡ ಕಟ್ಟಿಕೊಂಡಿದ್ದಾನೆ. ನಾಲ್ಕೈದು ಹೆಜ್ಜೆ ಕುಂಟುತ್ತ ಓಡಿ ಬಂದು, ಎಡಗಾಲಲ್ಲಿ ನೆಲ ಒದ್ದು ಹಾರಿದ. ಹಗ್ಗ ಅವನ ಸೊಂಟಕ್ಕಿಂತ ಒಂದು ಗೇಣು ಮೇಲಿತ್ತು. ಮುಟ್ಟದೆ ದಾಟಿದ. ಬಿದ್ದ, ಎದ್ದ, ಮಣ್ಣು ಒರೆಸಿಕೊಂಡ, ಹಗ್ಗವನ್ನು ಇನ್ನೆರಡು ಬೆರಳು ಮೇಲೇರಿಸಿದ.

ನಾನು ಮರೆಯಲ್ಲೇ ನಿಂತು ನೋಡಿದೆ. ಒಂದು ಮಾತೂ ಆಡದೆ ಹೋದೆ. ನಾನು ಆಗ ಎತ್ತರ ಜಿಗಿತದವನು, ಶಾಲೆಯಲ್ಲಿ ಎರಡನೆಯವನು. ನನ್ನ ಎತ್ತರ ಎಷ್ಟು, ಆ ಹಗ್ಗ ಎಷ್ಟು ಎಂದು ಮನಸ್ಸಿನಲ್ಲಿ ಅಳೆದುಕೊಂಡೇ ಮನೆ ಮುಟ್ಟಿದೆ.

ಆ ವರ್ಷದ ವಾರ್ಷಿಕ ಕ್ರೀಡಾಕೂಟಕ್ಕೆ ಹೆಸರು ಬರೆದುಕೊಳ್ಳುವ ಪಟ್ಟಿ ನನ್ನ ಕೈಯಲ್ಲಿತ್ತು. ಅವನು ಬಂದು, "ಹೈಜಂಪಿಗೆ ನನ್ನ ಹೆಸರು ಬರ್ಕೊಳೋ" ಎಂದ. ನಗುತ್ತ ಕೇಳಿದ, ತಮಾಷೆ ಎಂದು ಬೇಕಾದರೂ ತಿಳಿದುಕೋ ಎನ್ನುವ ಹಾಗೆ. ಬರೆದುಕೊಳ್ಳುತ್ತೇನೆ ಎಂದೆ. ಬರೆಯಲಿಲ್ಲ. ಎರಡು ದಿನ ಬಿಟ್ಟು, "ಮೇಷ್ಟ್ರು ಬೇಡ ಅಂದ್ರು ಕಣೋ, ಬಿದ್ದು ಪೆಟ್ಟಾದ್ರೆ ಯಾರು ಜವಾಬ್ದಾರಿ ಅಂದ್ರು" ಎಂದೆ. ಮೇಷ್ಟ್ರನ್ನು ನಾನು ಕೇಳಿಯೇ ಇರಲಿಲ್ಲ. ಆ ವರ್ಷವೂ ನನಗೆ ಎರಡನೇ ಬಹುಮಾನ ಬಂತು. ಒಂದು ಸ್ಟೀಲ್ ಲೋಟ. ನಮ್ಮ ಅವ್ವ ಅದರಲ್ಲಿ ಬಂದವರಿಗೆಲ್ಲ ನೀರು ಕೊಟ್ಟು, ಇದು ನನ್ನ ಮಗ ಹಾರಿ ಗೆದ್ದದ್ದು ಎಂದು ಹೇಳುತ್ತಿದ್ದರು.

ಈ ಸುಳ್ಳಿನಲ್ಲಿ ನಮ್ಮ ಮೇಷ್ಟ್ರ ಮೇಲೆ ಹೋದ ಆರೋಪವನ್ನು ಇವತ್ತು ಅವರು ಕೂತು ಪಾಠ ಮಾಡಿದ ಜಾಗದಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅವರು ಈಗ ಇಲ್ಲ. ಅವರ ಮನೆಯವರು ಬಂದಿದ್ದಾರೆ. ಅಮ್ಮ, ತಪ್ಪಾಯಿತು.

ಲಂಡನ್ನಿಗೆ ವಾಪಸ್ ಬರುತ್ತೇನೆ. ಗ್ಯಾಲರಿಯಲ್ಲಿ ಕೂತಿದ್ದ ನನಗೆ ಗಿರೀಶ ಹಾರಿದಾಗಲೆಲ್ಲ ಆ ಎಮ್ಮೆ ಹಗ್ಗ ಕಾಣುತ್ತಿತ್ತು. ಮನೆಗೆ ಬಂದೆ, ನಿದ್ದೆ ಬರಲಿಲ್ಲ. ಮಾರನೆಯ ದಿನ ಆಫೀಸಿನಿಂದಲೇ ಅವನಿಗೆ ಫೋನ್ ಮಾಡಿದೆ. ಅವನು ಆಗಲೇ ಬಸ್ ನಿಲ್ದಾಣದ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ, ಈಗಲೂ ಇದೆ. ಈ ಸುತ್ತಿನ ಹಳ್ಳಿಗಳಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳಲ್ಲಿ ಅರ್ಧದಷ್ಟು ಅವನ ಕೈಯಲ್ಲೇ ಜೀವ ಪಡೆದಿವೆ. ಹಿಂದೆ ಯಾವುದೋ ಮೋಟಾರು ಗುಂಯ್ ಎನ್ನುತ್ತಿತ್ತು. ಹಾಸನದ ಕಡೆಯವರೊಬ್ಬರು ಹೀಗೆ ಬೆಳ್ಳಿ ಗೆದ್ದರು, ನಾನು ಎದುರಿಗೇ ಕೂತು ನೋಡಿದೆ ಎಂದೆ. ಅವನು ಮೋಟಾರು ನಿಲ್ಲಿಸಿದ.

"ಯಾವ ಕಾಲಲ್ಲಿ ಎಗರಿದ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ.

"ಎಷ್ಟು ಹೆಜ್ಜೆ ಓಡಿ ಬಂದ? ಎಡಗಡೆಯಿಂದಲೋ, ಬಲಗಡೆಯಿಂದಲೋ? ಇಳಿಯುವಾಗ ಭಾರ ಯಾವ ಕಾಲಿನ ಮೇಲೆ ಬಿಟ್ಟ? ಆ ಫಿಜಿಯವನು ಒಂದೇ ಕಾಲಲ್ಲಿ ಬಂದನಲ್ಲ, ಕೊನೆಯ ಕುಪ್ಪಳಿಕೆ ಉದ್ದ ಇತ್ತೋ, ಗಿಡ್ಡ ಇತ್ತೋ?"

ಒಂದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಚಪ್ಪಾಳೆ ತಟ್ಟುತ್ತಿದ್ದೆ, ಫೋಟೊ ತೆಗೆಯುತ್ತಿದ್ದೆ, ಅಳುತ್ತಿದ್ದೆ. "ಅಷ್ಟು ದುಡ್ಡು ಕೊಟ್ಟು ಹೋಗಿ ಏನು ನೋಡ್ಕೊಂಡು ಬಂದ್ಯೋ ಮಾರಾಯ" ಎಂದ. ಅವನು ಬೈದದ್ದಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಒಂಬತ್ತನೇ ತರಗತಿಯಲ್ಲಿ ಅವನು ಉತ್ತರ ಹುಡುಕುತ್ತಿದ್ದ ಪ್ರಶ್ನೆಗಳು ಅವು.

ಆಗ ನಾನು ಆ ಪಟ್ಟಿಯ ವಿಷಯ ಹೇಳಿದೆ. ಮೇಷ್ಟ್ರು ಬೇಡ ಅಂದಿರಲಿಲ್ಲ, ನಾನೇ ಬರೆಯಲಿಲ್ಲ ಎಂದೆ. ಗಂಟಲು ಕಟ್ಟಿತ್ತು. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವನು, "ಗೊತ್ತಿತ್ತು ಕಣೋ. ನಾನು ಆವತ್ತೇ ಸ್ಟಾಫ್ ರೂಮಿಗೆ ಹೋಗಿ ಮೇಷ್ಟ್ರನ್ನ ಕೇಳಿದೆ. ಪಟ್ಟಿಯಲ್ಲಿ ನಿನ್ನ ಹೆಸರೇ ಇಲ್ಲವಲ್ಲೋ ಅಂದ್ರು" ಎಂದ.

ಇಪ್ಪತ್ತೇಳು ವರ್ಷ! ಆ ಇಪ್ಪತ್ತೇಳು ವರ್ಷದಲ್ಲಿ ನಾನು ಊರಿಗೆ ಬಂದಾಗಲೆಲ್ಲ ಅವನ ಅಂಗಡಿಯಲ್ಲಿ ಕೂತು ಟೀ ಕುಡಿದಿದ್ದೇನೆ. ನನ್ನ ಮದುವೆಗೆ ಬಂದು ಊಟ ಬಡಿಸಿದ್ದಾನೆ. ನಮ್ಮ ಅಪ್ಪ ತೀರಿಕೊಂಡಾಗ ನಾನು ವಿಮಾನ ಹತ್ತುವಷ್ಟರಲ್ಲಿ ಇಲ್ಲಿನ ಕೆಲಸವನ್ನೆಲ್ಲ ಓಡಾಡಿ ನೋಡಿಕೊಂಡವನು ಅವನೇ. "ಮತ್ತೆ ಆವಾಗಲೇ ಯಾಕೆ ಕೇಳಲಿಲ್ಲ?" ಎಂದೆ. "ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ. ಮೇಷ್ಟ್ರು, ಬೇಕಾದ್ರೆ ಈಗ ಬರ್ಕೊಳ್ತೀನಿ ಅಂದ್ರು. ನನಗೇ ಬೇಡ ಅನ್ನಿಸ್ತು" ಎಂದ. ಆಮೇಲೆ ಮೋಟಾರು ಮತ್ತೆ ಗುಂಯ್ ಎಂದಿತು. ಗಿರಾಕಿ ಕಾಯುತ್ತಿದ್ದಾರೆ ಎಂದು ಇಟ್ಟುಬಿಟ್ಟ.

ಅವನು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಎಂದು ನಾನು ಆ ಜಿಗಿತದ ವೀಡಿಯೊ ಹುಡುಕಿ, ಕಾಗದ ಪೆನ್ನು ಹಿಡಿದು ಕೂತು ನೋಡಿದೆ. ಹೆಜ್ಜೆ ಎಣಿಸಿದೆ. ಓಡಿ ಬರುವ ಕಡೆ, ಎಗರುವ ಕಾಲು, ಎಲ್ಲ ಬರೆದುಕೊಂಡು ಅವನಿಗೆ ಫೋನ್ ಮಾಡಿ ಒಪ್ಪಿಸಿದೆ, ಮೇಷ್ಟ್ರಿಗೆ ಮಗ್ಗಿ ಒಪ್ಪಿಸಿದ ಹಾಗೆ. ಅಲ್ಲಿಂದ ಮುಂದೆ ನಾನು ಯಾವ ಆಟ ನೋಡಲು ಹೋದರೂ ಅವನಿಗಾಗಿ ನೋಡುವುದು ರೂಢಿಯಾಯಿತು. 2013ರಲ್ಲಿ ಗಿರೀಶನಿಗೆ ಪದ್ಮಶ್ರೀ ಬಂದಾಗ ಫೋನ್ ಮಾಡಿದವನು ಅವನು. 2016ರಲ್ಲಿ ರಿಯೋದಲ್ಲಿ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಅದೇ ವರ್ಗದಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದಾಗ ನಾವಿಬ್ಬರೂ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕೂತು, ಫೋನಿನಲ್ಲಿ ಅವನ ಹೆಜ್ಜೆ ಎಣಿಸಿ ಜಗಳವಾಡಿದೆವು. ಅವನ ಲೆಕ್ಕವೇ ಸರಿ.

ನಾವು ಹಾರುತ್ತಿದ್ದ ಮರಳಿನ ಗುಂಡಿ ಇದ್ದ ಜಾಗದಲ್ಲಿ ಈಗ ಬಿಸಿಯೂಟದ ಅಡುಗೆಮನೆ ಬಂದಿದೆ. ಒಳ್ಳೆಯ ಕೆಲಸವೇ. ಹೊಸ ಗುಂಡಿಯನ್ನು ಬಯಲಿನ ಆ ತುದಿಯಲ್ಲಿ, ಬೇವಿನ ಮರದ ಹತ್ತಿರ, ಹೋದ ವಾರ ತೋಡಿದ್ದಾರೆ. ಅದರ ಪಕ್ಕ ನಿಂತಿರುವ ಎರಡು ಕಬ್ಬಿಣದ ಕಂಬ ನೋಡಿ. ಒಂದೊಂದು ಅಂಗುಲಕ್ಕೂ ಗುರುತು ಕೊರೆದು, ಕೋಲು ನಿಲ್ಲುವ ಹಾಗೆ ಕೊಂಡಿ ಇಟ್ಟು ಮಾಡಿದ್ದು ಮೂವತ್ತೊಂದನೇ ನಂಬರು. ಹಾಸಿಗೆ ನಮ್ಮ ತರಗತಿಯವರದು.

ನಿನ್ನೆ ಪಿ.ಟಿ. ಮೇಡಂ ಸಿಕ್ಕಿದ್ದರು. ಈ ಶಾಲೆಯಲ್ಲಿ ಈಗ ಕಾಲಿನ ತೊಂದರೆ ಇರುವ ಒಬ್ಬ ಹುಡುಗಿ ಎಂಟನೇ ತರಗತಿಯಲ್ಲಿ ಇದ್ದಾಳೆ ಎಂದು ಕೇಳಿದ್ದೆ. ಅವಳು ಆಟದ ಪೀರಿಯಡ್‌ನಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದೆ. "ಗುಂಡು ಎಸೀತಾಳೆ ಸಾರ್, ನಾಳಿದ್ದಿಗೂ ಹೆಸರು ಕೊಟ್ಟಿದ್ದಾಳೆ" ಎಂದರು. ರಿಜಿಸ್ಟರ್ ತೋರಿಸಿ ಎಂದೆ. ಅವರಿಗೆ ಸ್ವಲ್ಪ ಬೇಜಾರಾಗಿರಬೇಕು, ಆದರೂ ತೆಗೆದು ತೋರಿಸಿದರು. ಹೆಸರು ಇತ್ತು.

ನಾಳೆ ಬೆಳಿಗ್ಗೆ ಏಳೂವರೆಗೆ ಹಳೆಯ ವಿದ್ಯಾರ್ಥಿಗಳ ಕ್ರೀಡಾಕೂಟ. ಐವತ್ತು ದಾಟಿದವರಿಗೆ ನಡಿಗೆ, ಹಗ್ಗ ಜಗ್ಗಾಟ, ಗುಂಡು ಎಸೆತ ಇವೆ. ಹೆಸರು ಕೊಡುವವರು ಈಗಲೇ ಕೊಡಬೇಕು. ನಾನು ಬರೆದುಕೊಳ್ಳುತ್ತೇನೆ ಎಂದು ಸಮಿತಿಯವರನ್ನು ಕೇಳಿದ್ದೆ. ಪಟ್ಟಿ ಮಾತ್ರ ಇವನ ಕೈಗೆ ಕೊಡಬೇಡಿ ಎಂದು ಮೂವತ್ತೊಂದನೇ ನಂಬರು ಆಗಲೇ ಹೇಳಿ ಹೋಗಿದ್ದಾನಂತೆ. ಪಟ್ಟಿ ಅವನ ಹತ್ತಿರವೇ ಇದೆ, ಹಿಂದಿನಿಂದ ಮೂರನೇ ಸಾಲು, ನೀಲಿ ಅಂಗಿ.